ಅಟ್ಟದ ಪೆಟ್ಟಿಗೆಯಲ್ಲಿ ಓಲೆಗರಿ ಸಿಕ್ಕಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂರು ಓಲೆಗರಿ ಕಟ್ಟು, ಮಡಚಿಟ್ಟ ಕಪ್ಪು ಬಟ್ಟೆಯ ಪುಸ್ತಕ, ಹದಿನೈದಿಪ್ಪತ್ತು ಅಚ್ಚಾದ ಪುಸ್ತಕ ಇವೆ. ಒಂದು ಕಟ್ಟಿನ ಅಕ್ಷರ ಕನ್ನಡದ ಹಾಗೆ ಕಾಣುವುದಿಲ್ಲ. ಪುಸ್ತಕಗಳಲ್ಲಿ ಒಂದು ಕಿಟೆಲ್ ನಿಘಂಟು, 1894 ಎಂದಿದೆ. ಹಳೇ ಸಾಮಾನು ಕೊಳ್ಳುವವರೊಬ್ಬರು ಎಲ್ಲ ಸೇರಿ 40,000 ರೂಪಾಯಿ ಕೊಡುತ್ತೇನೆ ಅಂದಿದ್ದಾರೆ. ಅಮೆರಿಕದಲ್ಲಿರುವ ತಮ್ಮ ಒಂದು ಕಟ್ಟು ಒಯ್ದು ಫ್ರೇಮ್ ಹಾಕಿಸುತ್ತೇನೆ ಅನ್ನುತ್ತಾನೆ. ಚಿಕ್ಕಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಅನ್ನುತ್ತಾರೆ. ದೊಡ್ಡಮ್ಮ ತುಂಗೆಗೆ ಬಿಟ್ಟುಬಿಡಿ, ಮನೆಯಲ್ಲಿ ಇಟ್ಟುಕೊಂಡು ಅಪಚಾರ ಮಾಡುವುದು ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಯಾಕೆಂದರೆ ಪೆಟ್ಟಿಗೆ ಇನ್ನೂ ಮನೆಯಲ್ಲೇ ಇದೆ. ನನಗೆ ಬರುವ ಇಂಥ ಪತ್ರಗಳಲ್ಲಿ ಜಾಸ್ತಿಯವು ಕೊಟ್ಟಾದ ಮೇಲೆ, ಒರೆಸಿಯಾದ ಮೇಲೆ, ನೀರಿಗೆ ಬಿಟ್ಟಾದ ಮೇಲೆ ಬರೆದವು.

ಈ ವಾರ ಏನೂ ಮಾಡಬೇಡಿ. ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ, ಎಣ್ಣೆ ಮುಟ್ಟಿಸಬೇಡಿ, ಯಾರಿಗೂ ಮಾತು ಕೊಡಬೇಡಿ. ಅಷ್ಟು ವರ್ಷ ಅಟ್ಟದಲ್ಲಿ ಉಳಿದದ್ದು ಇನ್ನೊಂದು ತಿಂಗಳು ಉಳಿಯುತ್ತದೆ. ಮನೆ ಕೆಡವುವ ದೂಳು ಮತ್ತು ಮಳೆಯಿಂದ ಮಾತ್ರ ಪೆಟ್ಟಿಗೆಯನ್ನು ದೂರ ಇಡಿ. ಆಮೇಲೆ ಮುಚ್ಚಳ ತೆಗೆದು, ಒಳಗಿನದನ್ನು ಅಲುಗಿಸದೆ, ಮೇಲಿನಿಂದ ಫೋಟೋ ತೆಗೆಯಿರಿ. ಒಂದೊಂದೇ ವಸ್ತು ಹೊರಗೆ ತೆಗೆದ ಹಾಗೆ ಇನ್ನೊಂದು ಫೋಟೋ. ಯಾವುದರ ಮೇಲೆ ಯಾವುದಿತ್ತು, ಯಾವ ಪುಸ್ತಕದೊಳಗೆ ಯಾವ ಚೀಟಿ ಇತ್ತು, ಕಟ್ಟಿಗೆ ಎಂಥ ಬಟ್ಟೆ ಸುತ್ತಿತ್ತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಓಲೆಗರಿಯ ಬೆಲೆಯಲ್ಲಿ ಅರ್ಧ ಅದರ ಅಕ್ಷರದಲ್ಲಿದೆ. ಉಳಿದರ್ಧ ಅದು ಯಾವ ಮನೆಯದು, ಯಾವ ಊರಿನದು, ಯಾವುದರ ಜೊತೆ ಇತ್ತು ಎಂಬುದರಲ್ಲಿದೆ. ಅಕ್ಷರ ಅಳಿಸದೆ ಉಳಿದರೂ ಈ ಎರಡನೇ ಅರ್ಧ ಒಂದು ಮಧ್ಯಾಹ್ನದಲ್ಲಿ ಕಳೆದುಹೋಗುತ್ತದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಮನೆಯಿಂದ ಐದು ಕಟ್ಟು ತಂದೆ. ಉತ್ಸಾಹದಲ್ಲಿ ಏನೂ ಬರೆದುಕೊಳ್ಳಲಿಲ್ಲ. ವರ್ಷಗಳ ಮೇಲೆ ಅದರಲ್ಲೊಂದು ಆ ಮನೆಯವರದೇ ಅಡಿಕೆ ಲೆಕ್ಕ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಬೇರೆ ಮನೆಗಳ ಕಟ್ಟುಗಳ ಜೊತೆ ಸೇರಿಹೋಗಿತ್ತು. ಅದರಲ್ಲಿ ಬರುವ ಹೆಸರುಗಳನ್ನು ಗುರುತಿಸಬಲ್ಲ ಹಿರಿಯರು ಆ ಹೊತ್ತಿಗೆ ತೀರಿಕೊಂಡಿದ್ದರು. ಆ ಬೇಸರ ನನಗೆ ಇವತ್ತಿಗೂ ಹೋಗಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ನಿಮಗೆ ಗೊತ್ತಿರಬಹುದು. ಹೆಸರು ಎಲ್ಲರಿಗೂ ಗೊತ್ತಿತ್ತು, ಪುಸ್ತಕ ಮಾತ್ರ ಕಳೆದುಹೋಗಿದೆ ಎಂದೇ ವಿದ್ವಾಂಸರು ನಂಬಿದ್ದರು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ, ಅಂದರೆ 1891ರಲ್ಲಿ ಶುರುವಾದ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯ ಒಂದು ಓಲೆಕಟ್ಟು ಬಂತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಗುರುತಿಸಿದರು. 1905ರಲ್ಲಿ ವಿಷಯ ಹೊರಗೆ ಬಂತು, 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಆದರೆ ಆ ಕಟ್ಟು ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ನಾವು ಓದುತ್ತೇವೆ. ಯಾವ ಊರು, ಯಾವ ಮನೆ, ಆ ಮನೆಯಲ್ಲಿ ಇನ್ನೇನಿತ್ತು? ಅದನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದವರ ಹೆಸರು ಆ ಪುಸ್ತಕದ ಪಕ್ಕದಲ್ಲಿ ಇರಬೇಕಿತ್ತು ಅಲ್ವಾ?

ಈಗ ಕಟ್ಟು ಬಿಚ್ಚುವ ವಿಷಯ. ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿ. ಬಿಳಿ ಯಾಕೆಂದರೆ ಉದುರಿದ ಚೂರು, ಹುಳು, ಪುಡಿ ಎಲ್ಲ ಅದರಲ್ಲಿ ಕಾಣುತ್ತದೆ. ಮೇಲೆ ಕೆಳಗೆ ಎರಡು ಮರದ ಹಲಗೆ, ಗರಿಗಳ ತೂತಿನಲ್ಲಿ ಪೋಣಿಸಿದ ದಾರ ಇರುತ್ತದೆ. ದಾರ ಬಿಗಿಯಾಗಿದ್ದರೆ ಎಳೆಯಬೇಡಿ. ತೂತಿನ ಅಂಚು ಹರಿದು ಅಕ್ಷರದವರೆಗೂ ಸೀಳುತ್ತದೆ. ದಾರ ಲಡ್ಡಾಗಿದ್ದರೆ ಕತ್ತರಿಯಿಂದ ಕತ್ತರಿಸಿ ನಿಧಾನಕ್ಕೆ ತೆಗೆಯಿರಿ. ಅದಕ್ಕೂ ಮುಂಚೆ ಕಟ್ಟಿನ ನಾಲ್ಕೂ ಮಗ್ಗುಲಿನ ಫೋಟೋ ಇರಲಿ. ಆ ಹಳೇ ದಾರವನ್ನೂ ಒಂದು ಲಕೋಟೆಯಲ್ಲಿ ಹಾಕಿಡಿ.

ಮೊದಲ ಗರಿಯನ್ನು ಬೆಳಕಿಗೆ ಹಿಡಿದು ನೋಡಿ. ಅದು ತೆಳ್ಳಗೆ, ಅಗಲವಾಗಿ, ಬಾಗಿಸಿದರೆ ಬಾಗುವಂತಿದ್ದರೆ ಶ್ರೀತಾಳೆಯದು ಇರಬೇಕು. ದಪ್ಪಗೆ, ಗಡುಸಾಗಿ, ನಾರು ನಾರಾಗಿದ್ದರೆ ಸಾಮಾನ್ಯ ತಾಳೆ. ಬಾಗುತ್ತದೆಯೋ ಅಂತ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ. ಒಣಗಿದ ಗರಿ ಹಪ್ಪಳದ ಹಾಗೆ ಮುರಿಯುತ್ತದೆ. ಎರಡು ಗರಿ ಅಂಟಿಕೊಂಡಿದ್ದರೆ ಚಾಕು ತೂರಿಸಬೇಡಿ. ಅಂಟಿದ್ದು ಅಂಟಿದ ಹಾಗೇ ಇರಲಿ, ಸಂರಕ್ಷಣೆ ಕಲಿತವರು ಬಿಡಿಸುತ್ತಾರೆ. ದೂಳು ತೆಗೆಯಲು ಮೆತ್ತನೆಯ ಒಣ ಬ್ರಷ್ ಸಾಕು. ನಡುವಿನಿಂದ ಅಂಚಿಗೆ, ಒಂದೇ ದಿಕ್ಕಿನಲ್ಲಿ ಸವರಿ.

ಗರಿ ಖಾಲಿ ಕಂಡರೆ ಬೇಜಾರಾಗಬೇಡಿ. ನಮ್ಮ ಕಡೆ ಓಲೆಗರಿಯಲ್ಲಿ ಬರೆಯುವುದು ಅಂದರೆ ಕೊರೆಯುವುದು. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಆಮೇಲೆ ಮೇಲೆ ಮಸಿ ಸವರಿ ಒರೆಸುತ್ತಿದ್ದರು. ಕೊರೆದ ಗೆರೆಯಲ್ಲಿ ಮಸಿ ನಿಂತು ಅಕ್ಷರ ಕಪ್ಪಗೆ ಎದ್ದು ಕಾಣುತ್ತಿತ್ತು. ಕಾಲ ಕಳೆದ ಹಾಗೆ ಮಸಿ ಹೋಗುತ್ತದೆ, ಕೊರೆದದ್ದು ಹೋಗುವುದಿಲ್ಲ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗರಿಯ ಮಟ್ಟಕ್ಕೆ ಪಕ್ಕದಿಂದ ಹಿಡಿಯಿರಿ. ಖಾಲಿ ಎಂದುಕೊಂಡ ಗರಿಯಲ್ಲಿ ಸಾಲು ಸಾಲು ಅಕ್ಷರ ಮೇಲೆದ್ದು ಬರುತ್ತವೆ. ನಾನು ಎಷ್ಟೋ ಸಲ ನೋಡಿದ್ದೇನೆ, ಆದರೂ ಪ್ರತಿ ಸಲ ಮೈ ಜುಂ ಅನ್ನುತ್ತದೆ. ಮಸಿ ಮತ್ತೆ ತುಂಬುವ ಕೆಲಸ ಮಾತ್ರ ಮನೆಯಲ್ಲಿ ಬೇಡ.

ಚಿಕ್ಕಪ್ಪನವರ ಕೊಬ್ಬರಿ ಎಣ್ಣೆಯ ಮಾತಿಗೆ ಬರುತ್ತೇನೆ. ಎಣ್ಣೆ ಹಚ್ಚಬೇಕು ಎಂಬ ನೆನಪು ಸುಮ್ನೆ ಬಂದದ್ದಲ್ಲ. ನಿಂಬೆಹುಲ್ಲಿನ ಎಣ್ಣೆಯಂಥದನ್ನು ಗರಿಗೆ ತೆಳ್ಳಗೆ ಸವರುವ ಪದ್ಧತಿ ಇದೆ. ಅದು ಗರಿಯನ್ನು ಮೆತ್ತಗಾಗಿಸುತ್ತದೆ, ಹುಳುವನ್ನು ದೂರ ಇಡುತ್ತದೆ, ಬೇಗ ಆರುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಎಳ್ಳೆಣ್ಣೆ ಹಾಗಲ್ಲ. ಅವು ಅಲ್ಲೇ ಉಳಿದು ಕಮಟು ಹಿಡಿಯುತ್ತವೆ, ದೂಳು ಅಂಟಿಸಿಕೊಳ್ಳುತ್ತವೆ, ಗರಿ ಕಪ್ಪಾಗುತ್ತದೆ. ಪ್ರತಿ ಮಾಡಿದವರು ಕೊನೆಯಲ್ಲಿ ಬರೆಯುವ ಒಂದು ಸಂಸ್ಕೃತ ಶ್ಲೋಕ ದೇಶದ ಎಲ್ಲ ಕಡೆಯ ಹಸ್ತಪ್ರತಿಗಳಲ್ಲೂ ಸಿಗುತ್ತದೆ. ಪುಸ್ತಕವೇ ಮಾತಾಡುವ ಹಾಗಿದೆ ಅದು. ನನ್ನನ್ನು ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖರ ಕೈಗೆ ಕೊಡಬೇಡ ಅನ್ನುತ್ತದೆ. ಮೊದಲ ಹೆದರಿಕೆಯೇ ಎಣ್ಣೆಯದು, ನೋಡಿ. ದೀಪದ ಬುಡದಲ್ಲಿ ಕೂತು ಬರೆದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಶ್ಲೋಕದಲ್ಲಿ ಬೆನ್ನು, ಸೊಂಟ, ಕತ್ತು ಮುರಿದು, ತಲೆ ತಗ್ಗಿಸಿ, ಕಣ್ಣು ನೆಟ್ಟು ಕಷ್ಟದಿಂದ ಬರೆದಿದ್ದೇನೆ, ಜೋಪಾನ ಮಾಡು ಎಂದು ಬೇಡಿಕೊಳ್ಳುತ್ತಾರೆ. ನಿಮ್ಮ ಕಟ್ಟುಗಳ ಕೊನೆಯ ಗರಿಯಲ್ಲೂ ಇವು ಇರಬಹುದು, ಹುಡುಕಿ.

ಮಲೆನಾಡಿನ ಮಳೆಯಲ್ಲಿ ಇವನ್ನು ಕಾಪಾಡುವುದು ಹೇಗೆ ಎಂಬುದೇ ದೊಡ್ಡ ವಿಷಯ. ಹಿಂದೆ ಪೆಟ್ಟಿಗೆಯನ್ನು ಅಟ್ಟದಲ್ಲಿ, ಅದರಲ್ಲೂ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಕೆಳಗಿನ ಒಲೆಯ ಬಿಸಿ ತೇವ ತೆಗೆಯುತ್ತಿತ್ತು, ಹೊಗೆ ಹುಳು ಓಡಿಸುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಆ ರಕ್ಷಣೆ ನಿಂತುಹೋಯಿತು. ಹಾಳಾದ ಎಷ್ಟೋ ಕಟ್ಟುಗಳು ಹಾಳಾದದ್ದು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಎಂದು ಮನೆಯವರೇ ನನಗೆ ಹೇಳಿದ್ದಾರೆ. ಹೊಸ ಮನೆಯಲ್ಲಿ ಹೊರಗೋಡೆಗೆ ತಾಗದ, ನೆಲದಿಂದ ಒಂದಡಿ ಮೇಲಿನ ಮರದ ಕಪಾಟು ಒಳ್ಳೆಯದು. ಕಬ್ಬಿಣದ ಬೀರುವಿನಲ್ಲಿ ಗಾಳಿ ಆಡುವುದಿಲ್ಲ, ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟುವುದಂತೂ ಬೂಷ್ಟಿಗೆ ಕರೆದು ಅನ್ನ ಹಾಕಿದ ಹಾಗೆ. ಒಗೆದು ಗಂಜಿ ಹೋದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಲಗೆಗಳ ನಡುವೆ ಗರಿ ಅಲುಗದಷ್ಟು ಬಿಗಿ ಇರಲಿ, ಸೊಟ್ಟಗಾಗುವಷ್ಟು ಬೇಡ. ಒಣಗಿಸಿದ ಬಜೆ ಬೇರು ಅಥವಾ ಬೇವಿನ ಎಲೆಯನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ಪಕ್ಕದಲ್ಲಿಡಿ, ಗರಿಗೆ ತಾಗಬಾರದು. ಹಸಿ ಬೇವಿನ ಎಲೆ ಹಾಕಿದರೆ ತೇವವನ್ನು ನಾವೇ ತಂದು ಸೇರಿಸಿದ ಹಾಗಾಯಿತು. ಜಿರಳೆಗೆ ಹೊಡೆಯುವ ಸ್ಪ್ರೇ, ಸೀಮೆಎಣ್ಣೆ, ಗರಿಗಳ ನಡುವೆ ನುಸಿಗುಳಿಗೆ, ಇವು ಯಾವುವೂ ಬೇಡ.

ತಿಂಗಳಿಗೊಮ್ಮೆ ತೆಗೆದು ನೋಡಿ. ಕಟ್ಟಿನ ಕೆಳಗೆ ಗೋಧಿ ಹಿಟ್ಟಿನಂಥ ನುಣ್ಣನೆಯ ಪುಡಿ ಹೊಸದಾಗಿ ಬಿದ್ದಿದ್ದರೆ ಒಳಗೆ ಹುಳು ಬದುಕಿದೆ ಎಂದರ್ಥ. ಆ ಹುಳು ಮೇಲಿನ ಗರಿಯಿಂದ ಕೆಳಗಿನ ಗರಿಯವರೆಗೆ ಸುರಂಗ ಕೊರೆಯುತ್ತದೆ. ಒಂದು ಗರಿಯಲ್ಲಿ ಸಾಸಿವೆಯಷ್ಟು ತೂತು ಕಂಡರೆ ಇಡೀ ಕಟ್ಟಿನಲ್ಲಿ ಅದೇ ಜಾಗದ ಅಕ್ಷರ ಹೋಗಿರಬಹುದು. ಅಂಥ ಕಟ್ಟನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ, ಉಳಿದವುಗಳ ಹತ್ತಿರ ಇಡಬೇಡಿ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಡುವುದು ಒಳ್ಳೆಯದೇ, ವರ್ಷಕ್ಕೊಮ್ಮೆ ಗಾಳಿ ಬೆಳಕು ಕಾಣುತ್ತದೆ. ಅರಿಶಿನ, ಕುಂಕುಮ, ಗಂಧ ಮಾತ್ರ ಹಲಗೆಗೆ ಇಡಿ, ಗರಿಗೆ ಬೇಡ. ಒಂದು ಮನೆಯಲ್ಲಿ ಪ್ರತಿ ವರ್ಷ ಮೊದಲ ಗರಿಗೇ ಗಂಧ ಹಚ್ಚಿ ಹಚ್ಚಿ ಅದರ ನಡುಭಾಗ ಪೂರ್ತಿ ತಿಂದುಹೋಗಿತ್ತು. ಕವಿಯ ಹೆಸರು ಇದ್ದದ್ದು ಅಲ್ಲೇ.

ಅಕ್ಷರ ಕನ್ನಡದ ಹಾಗಿಲ್ಲ ಅಂದಿರಲ್ಲ, ಅದು ಹೆಚ್ಚಾಗಿ ತಿಗಳಾರಿ ಇರಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಸಂಸ್ಕೃತವನ್ನು ಆ ಲಿಪಿಯಲ್ಲಿ ಬರೆಯುತ್ತಿದ್ದರು. ನೋಡಲು ಮಲಯಾಳಂ ಹತ್ತಿರ ಬರುತ್ತದೆ. ಅಕ್ಷರಗಳು ನಾಗರಿಯ ಹಾಗಿದ್ದರೆ ನಂದಿನಾಗರಿ ಇರಬಹುದು. ಕಾಗದದ ಲೆಕ್ಕಪತ್ರಗಳಲ್ಲಿ ಒಂದಕ್ಕೊಂದು ಕೂಡಿಕೊಂಡು ಓಡುವ ಬರಹ ಕಂಡರೆ ಮೋಡಿ ಲಿಪಿ ಇರಬಹುದು. ಓದಲು ಬರುವವರು ಈಗ ಕಡಿಮೆ, ಆದರೆ ಇದ್ದಾರೆ. ತಿಗಳಾರಿ ಕಲಿಸುವ ತರಗತಿಗಳೂ ನಡೆಯುತ್ತಿವೆ. ಕನ್ನಡ ಅಕ್ಷರದ ಕಟ್ಟುಗಳನ್ನು ನೀವೇ ಪ್ರಯತ್ನಿಸಿ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಅದೊಂದೇ ತೊಡಕು. ನಾಲ್ಕು ದಿನ ಕೂತರೆ ಕಣ್ಣು ಪಳಗುತ್ತದೆ.

ಕೊನೆಯ ಗರಿಯಲ್ಲಿ ಬರೆದವರ ಹೆಸರು, ಊರು, ದಿನ ಇರುವುದುಂಟು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಹೆಚ್ಚು ಕಡಿಮೆ ಇಸವಿ ಸಿಗುತ್ತದೆ. ಬರೀ ಸಂವತ್ಸರ ಇದ್ದರೆ ಎಚ್ಚರ ಬೇಕು, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಶ್ವಾವಸು ಎಂದಿದ್ದರೆ 1845 ಆಗಬಹುದು, 1785 ಆಗಬಹುದು, 1905 ಕೂಡ ಆಗಬಹುದು. ನಮ್ಮ ಹವೆಯಲ್ಲಿ ಓಲೆಗರಿ ಬಹಳ ಹಳೆಯದು ಉಳಿಯುವುದು ಅಪರೂಪ. ಮನೆಗಳಲ್ಲಿ ಸಿಗುವವು ಹೆಚ್ಚಾಗಿ ಕಳೆದ ಎರಡು ಮೂರು ಶತಮಾನದ ಪ್ರತಿಗಳು. ಸಾವಿರ ವರ್ಷದ ಓಲೆ ಎಂದು ಯಾರಾದರೂ ಹೇಳಿದರೆ ತಕ್ಷಣ ನಂಬಬೇಡಿ.

ನಿಮ್ಮ ಮೂರು ಕಟ್ಟಿನಲ್ಲಿ ಒಂದು ಜೈಮಿನಿ ಭಾರತವೋ ಕುಮಾರವ್ಯಾಸನ ಭಾರತವೋ ಆಗಿದ್ದರೆ ಆಶ್ಚರ್ಯವಿಲ್ಲ. ಅವು ಮನೆಮನೆಯಲ್ಲಿ ಇದ್ದವು. ಪ್ರತಿಗಳು ಬೇಕಾದಷ್ಟಿವೆ, ಆದರೂ ನಿಮ್ಮ ಪ್ರತಿಯ ಒಂದು ಪಾಠಾಂತರ, ಅಂದರೆ ಬೇರೆ ಪ್ರತಿಗಳಿಗಿಂತ ಬೇರೆಯಾಗಿರುವ ಮಾತು, ಸಂಪಾದಕರಿಗೆ ಉಪಯೋಗಕ್ಕೆ ಬರಬಹುದು. ನನಗೆ ಜಾಸ್ತಿ ಕುತೂಹಲ ಬೇರೆ ಕಡೆ. ಯಾರದೋ ಸಾಲದ ಲೆಕ್ಕ, ಗದ್ದೆಯ ಗಡಿ, ಜ್ವರಕ್ಕೆ ಕಷಾಯ, ಯಕ್ಷಗಾನದ ಒಂದು ಪ್ರಸಂಗ. ಭಾರತಕ್ಕೆ ನೂರು ಪ್ರತಿ ಇರುತ್ತದೆ, ನಿಮ್ಮ ಮುತ್ತಜ್ಜನ ಅಡಿಕೆ ಲೆಕ್ಕಕ್ಕೆ ಇರುವುದು ಒಂದೇ ಪ್ರತಿ. ಆ ವರ್ಷ ಅಡಿಕೆಗೆ ಎಷ್ಟು ಧಾರಣೆ ಇತ್ತು, ಕೂಲಿಗೆ ಎಷ್ಟು ಭತ್ತ ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಬೇರೆ ಯಾವ ಗ್ರಂಥದಲ್ಲೂ ಸಿಗುವುದಿಲ್ಲ.

ಆ ಕಪ್ಪು ಬಟ್ಟೆಯ ಪುಸ್ತಕ ಕಡತ. ಇವತ್ತು ಕಚೇರಿಯ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಮಾತು ಇದರಿಂದಲೇ ಬಂದದ್ದು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಒಂದರ ಮೇಲೊಂದು ಮಡಿಕೆ ಬರುವ ಹಾಗೆ ಮಡಚುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಸ್ಲೇಟಿನ ಹಾಗೆ. ವ್ಯಾಪಾರಿಗಳು, ಶಾನುಭೋಗರು, ಮಠಗಳು ಲೆಕ್ಕಕ್ಕೆ ಇದನ್ನೇ ಬಳಸಿದರು. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಕರ. ನಿಮ್ಮ ಪೆಟ್ಟಿಗೆಯಲ್ಲಿ ನನಗೆ ಹೆಚ್ಚು ಭಯ ಇರುವುದು ಈ ಕಡತದ ಬಗ್ಗೆಯೇ. ಕಪ್ಪಗೆ ಕೊಳೆಯಾಗಿ ಕಾಣುತ್ತದೆ, ಯಾರಾದರೂ ಒಂದು ಒದ್ದೆ ಬಟ್ಟೆ ತಗೊಂಡು ಒರೆಸಿಬಿಡುತ್ತಾರೆ. ಒಂದು ನಿಮಿಷದಲ್ಲಿ ಬಳಪದ ಅಕ್ಷರವೆಲ್ಲ ಹೋಗಿರುತ್ತದೆ. ಮನೆಯಲ್ಲಿ ಎಲ್ಲರಿಗೂ ಇವತ್ತೇ ಹೇಳಿಬಿಡಿ. ಮಡಿಕೆ ಬಿರುಕು ಬಿಡುತ್ತಿದ್ದರೆ ಪೂರ್ತಿ ಬಿಡಿಸಲು ಹೋಗಬೇಡಿ. ಹುಣಸೆ ಬೀಜದ ಸರಿ ಹುಳುವಿಗೂ ಇಷ್ಟ, ಇದನ್ನು ಗರಿಗಳಿಂದ ಬೇರೆಯಾಗಿ ಇಡಿ.

ಇನ್ನು 40,000 ರೂಪಾಯಿಯ ವಿಷಯ. ಅದು ಜಾಸ್ತಿಯೋ ಕಡಿಮೆಯೋ ನಾನು ಹೇಳಲಾರೆ. ಒಳಗೆ ಏನಿದೆ ಎಂದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಅವರು ಕೊಳ್ಳುತ್ತಿರುವುದು ಪುಸ್ತಕವನ್ನಲ್ಲ, ನೋಡಲು ಚೆನ್ನಾಗಿರುವ ಹಳೇ ಸಾಮಾನನ್ನು. ಇಂಥ ಪೆಟ್ಟಿಗೆ ಆಮೇಲೆ ಏನಾಗುತ್ತದೆ ಗೊತ್ತಾ? ಚಿತ್ರ ಇರುವ ಗರಿ ಒಬ್ಬರಿಗೆ, ಹಲಗೆ ಇನ್ನೊಬ್ಬರಿಗೆ, ಪೆಟ್ಟಿಗೆ ಒಂದು ಹೋಟೆಲಿಗೆ, ಉಳಿದ ಗರಿಗಳು ಬಿಡಿಬಿಡಿಯಾಗಿ ಫ್ರೇಮಿಗೆ. ಇನ್ನೂರು ಗರಿಯ ಕಟ್ಟು ಇನ್ನೂರು ಗೋಡೆ ಸೇರಿದ ಮೇಲೆ ಅದನ್ನು ಯಾರೂ ಓದಲಾರರು.

ಕಾನೂನನ್ನೂ ತಿಳಿದಿರಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಬೇರೆ ವಸ್ತುಗಳಿಗೆ ನೂರು ವರ್ಷದ ಲೆಕ್ಕ. ಸಾಹಿತ್ಯ, ಚರಿತ್ರೆ, ಶಾಸ್ತ್ರದ ಮಹತ್ವ ಇರುವ ಹಸ್ತಪ್ರತಿ ಮತ್ತು ದಾಖಲೆಗಳಿಗೆ 75 ವರ್ಷ ಆಗಿದ್ದರೆ ಸಾಕು, ಅದು ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ, ಯಾರೂ ಬಂದು ಕಿತ್ತುಕೊಂಡು ಹೋಗುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಸರ್ಕಾರದ ಹೆದರಿಕೆಗೇ ಎಷ್ಟೋ ಜನ ರಾತ್ರೋರಾತ್ರಿ ಸುಟ್ಟಿದ್ದಾರೆ. ಗರಿಗಳಲ್ಲಿ ಚಿತ್ರಗಳಿದ್ದರೆ ಮಾತ್ರ ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯ ಹತ್ತಿರ ನೋಂದಾಯಿಸಬೇಕು. ಇವುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಲೇಬೇಕು. ಆ ಕೊಳ್ಳುವವರನ್ನು ಒಂದು ಸಲ ಲೈಸೆನ್ಸ್ ತೋರಿಸಿ ಎಂದು ಕೇಳಿ ನೋಡಿ.

ತಮ್ಮನಿಗೆ ಪ್ರೀತಿಯಿಂದಲೇ ತಿಳಿಸಿ ಹೇಳಿ. ಖಾಸಗಿಯವರು ಪ್ರಾಚ್ಯವಸ್ತುವನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ತಮ್ಮ ಮನೆಯದೇ ಆಗಿರಲಿ, ಮಾರಲು ಅಲ್ಲದಿರಲಿ, ವಿನಾಯಿತಿ ಇಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಊರಿನಿಂದ ದೂರ ಇರುವವರಿಗೆ ಮನೆಯ ಒಂದು ಗುರುತು ಕಣ್ಣೆದುರು ಬೇಕು ಅನಿಸುತ್ತದೆ, ಆ ಆಸೆ ನನಗೆ ಅರ್ಥವಾಗುತ್ತದೆ. ಒಂದು ಗರಿಯ ಒಳ್ಳೆಯ ಫೋಟೋವನ್ನು ಅದೇ ಅಳತೆಗೆ ಅಚ್ಚು ಹಾಕಿಸಿ ಕಳಿಸಿ. ಅದರ ಕೆಳಗೆ ಅಲ್ಲಿ ಏನು ಬರೆದಿದೆ ಎಂಬುದನ್ನು ಇವತ್ತಿನ ಕನ್ನಡದಲ್ಲಿ ಹಾಕಿಸಿ. ಗೋಡೆಯ ಮೇಲೆ ಬಿಸಿಲು ತಿಂದು ಬಣ್ಣ ಕೆಡುವ ನಿಜವಾದ ಗರಿಗಿಂತ, ಅವನ ಮಕ್ಕಳು ಓದಬಲ್ಲ ಈ ಚಿತ್ರ ಮೇಲು.

ಅಚ್ಚಾದ ಪುಸ್ತಕಗಳಿಗೆ ಬರೋಣ. ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಅಚ್ಚಾಯಿತು ನಿಜ. ಆದರೆ ಮೊದಲ ಮುದ್ರಣದ ಪುಟಗಳನ್ನು ಹಾಗೆ ಹಾಗೇ ಫೋಟೋ ಹಿಡಿದು ಮಾಡಿದ ಮರುಮುದ್ರಣಗಳಲ್ಲೂ 1894 ಎಂದೇ ಇರುತ್ತದೆ. ಹೆಸರುಪುಟದ ಹಿಂಬದಿ ನೋಡಿ, ಮರುಮುದ್ರಣದ ವರ್ಷ ಅಲ್ಲಿರಬಹುದು. ಆಮೇಲೆ ಒಂದು ಹಾಳೆಯ ಹಿಂಭಾಗವನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಸವರಿ. ಅಚ್ಚಿನ ಮೊಳೆ ಒತ್ತಿದ ಗುರುತು ಕೈಗೆ ತಾಗಿದರೆ ಅದು ಹಳೇ ಮೊಳೆಯಚ್ಚು. ನುಣ್ಣಗೆ, ಸಪಾಟಾಗಿದ್ದರೆ ಮರುಮುದ್ರಣ ಇರಬೇಕು. ಮೊದಲ ಮುದ್ರಣವೇ ಆಗಿದ್ದರೂ ಹೆಸರುಪುಟ, ಮುನ್ನುಡಿ, ಕೊನೆಯ ಪುಟ ಎಲ್ಲ ಇದ್ದರೆ ಮಾತ್ರ ಸಂಗ್ರಹಕಾರರು ಒಳ್ಳೆಯ ಬೆಲೆ ಕೊಡುತ್ತಾರೆ. ಕೈಬರಹದ ಹಾಗೆ ಕಾಣುವ ಕಾಗದದ ಪುಸ್ತಕ ಇದ್ದರೆ ಹಸ್ತಪ್ರತಿ ಎಂದು ತಕ್ಷಣ ತೀರ್ಮಾನಿಸಬೇಡಿ. ಅದು ಕಲ್ಲಚ್ಚಿನದು ಇರಬಹುದು. ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಒತ್ತುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಹೊರಬಂದದ್ದು ಹಾಗೆಯೇ.

ಹಳೇ ಪುಸ್ತಕದ ಕಾಗದ ಗಟ್ಟಿಯಾಗಿದ್ದು, ಅದಕ್ಕಿಂತ ಹೊಸದರ ಕಾಗದ ಮುಟ್ಟಿದರೆ ಉದುರುವುದನ್ನು ನೋಡಿ ನೀವು ಬೆರಗಾಗಬಹುದು. ಮುಂಚಿನ ಕಾಗದ ಚಿಂದಿ ಬಟ್ಟೆಯಿಂದ ಆಗುತ್ತಿತ್ತು. ಆಮೇಲೆ ಮರದ ತಿರುಳಿನ ಅಗ್ಗದ ಕಾಗದ ಬಂತು, ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಎರಡನೇ ಮಹಾಯುದ್ಧದ ಕಾಲದ ಪುಸ್ತಕಗಳ ಗತಿ ಹೆಚ್ಚು ಕೆಟ್ಟದ್ದು. ಇಂಥವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಬೈಂಡಿಂಗ್ ಅಂಗಡಿಗೆ ಕೊಟ್ಟರೆ ಅಂಚು ಕತ್ತರಿಸಿ ಚೊಕ್ಕ ಮಾಡಿಕೊಡುತ್ತಾರೆ. ಅಜ್ಜ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಆ ಚೂರುಗಳ ಜೊತೆ ಹೋಗುತ್ತದೆ.

ನಿಘಂಟು ಬೇಕಾದರೆ ಎಲ್ಲಾದರೂ ಸಿಗುತ್ತದೆ. ತೆಳ್ಳನೆಯ, ಮಾಸಿದ ಪುಸ್ತಕಗಳನ್ನು ಹುಷಾರಾಗಿ ನೋಡಿ. ಶಾಲೆಯ ಒಂದನೇ ಪುಸ್ತಕ, ಹಳೇ ಪಂಚಾಂಗ, ಜಾತ್ರೆಯಲ್ಲಿ ಮಾರುತ್ತಿದ್ದ ಪ್ರಸಂಗದ ಪುಸ್ತಕ, ಕಂಪನಿ ನಾಟಕದ ಹಾಡಿನ ಪುಸ್ತಕ. ಒಂದು ಕಾಲದಲ್ಲಿ ಎಲ್ಲರ ಕೈಯಲ್ಲೂ ಇದ್ದವು, ಅದಕ್ಕೇ ಯಾರೂ ಎತ್ತಿಡಲಿಲ್ಲ. ಮಕ್ಕಳು ಹರಿದರು, ಪಂಚಾಂಗ ವರ್ಷ ಮುಗಿದ ಮೇಲೆ ಒಲೆಗೆ ಹೋಯಿತು. ಈಗ ಒಂದು ಪ್ರತಿಗಾಗಿ ಸಂಶೋಧಕರು ಊರೂರು ಅಲೆಯುತ್ತಾರೆ.

ಹಾಗಾದರೆ ಎಲ್ಲಿಗೆ ಕೊಡಬೇಕು? ಕೊಡಲೇಬೇಕು ಎಂದೇನಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಅಲ್ಲೇ ಇರಲಿ, ಅದರ ಪ್ರತಿ ಮಾತ್ರ ಹೊರಗೂ ಇರಲಿ. ಮೂಡಬಿದಿರೆಯ ಬಸದಿಯಲ್ಲಿರುವ ಧವಲಾ ಎಂಬ ಜೈನ ಗ್ರಂಥದ ಓಲೆಗರಿಗಳನ್ನು ನೆನೆಸಿಕೊಳ್ಳಿ. ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ನೂರಾರು ವರ್ಷ ಅವು ದರ್ಶನಕ್ಕೆ ಮಾತ್ರ ಇದ್ದವು. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು, ಅದಕ್ಕೇ ವರ್ಷಗಟ್ಟಲೆ ಹಿಡಿಯಿತು. ಅಚ್ಚಿನ ಮೊದಲ ಸಂಪುಟ ಬಂದದ್ದು 1939ರಲ್ಲಿ. ಗರಿಗಳು ಮೂಡಬಿದಿರೆಯಲ್ಲೇ ಉಳಿದವು, ಗ್ರಂಥ ದೇಶಕ್ಕೆಲ್ಲ ಸಿಕ್ಕಿತು. ನಿಮ್ಮ ಹತ್ತಿರ ಫೋನ್ ಇದೆ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಪ್ರತಿ ಗರಿಯ ಎರಡೂ ಮಗ್ಗುಲು ತೆಗೆಯಿರಿ. ಅಂಚಿನ ಗರಿಸಂಖ್ಯೆ ಫೋಟೋದಲ್ಲಿ ಕಾಣಬೇಕು. ಅನುಕ್ರಮ ತಪ್ಪಿದ್ದರೂ ಮೊದಲು ಸಿಕ್ಕ ಹಾಗೇ ತೆಗೆಯಿರಿ, ಜೋಡಿಸುವುದು ಆಮೇಲೆ.

ನೋಡಿಕೊಳ್ಳುವುದು ಕಷ್ಟ ಅನಿಸಿದರೆ ನಿಮಗೆ ಹತ್ತಿರದ್ದು ಸಾಗರದ ಬಳಿಯ ಕೆಳದಿ ವಸ್ತು ಸಂಗ್ರಹಾಲಯ. ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಮತ್ತು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇವೆ. ಕೇಂದ್ರ ಸರ್ಕಾರ 2003ರಲ್ಲಿ ಹಸ್ತಪ್ರತಿಗಳ ರಾಷ್ಟ್ರೀಯ ಮಿಷನ್ ಶುರುಮಾಡಿತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಿಸಿ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆಯ ಗುರಿ ಇಟ್ಟಿತು. ಅದರಲ್ಲಿ ಖಾಸಗಿ ಸಂಗ್ರಹಗಳೂ ಸೇರುತ್ತವೆ. ಯಾರಿಗೆ ಕೊಟ್ಟರೂ ಗರಿಗಳ ಲೆಕ್ಕ ಹಾಕಿ, ಬರಹದಲ್ಲಿ ರಸೀದಿ ಪಡೆಯಿರಿ. ಅದರಲ್ಲಿ ನಿಮ್ಮ ಮನೆಯ ಹೆಸರು, ಊರಿನ ಹೆಸರು ಇರಬೇಕು. ಪೂರ್ತಿ ಫೋಟೋ ಪ್ರತಿ ಮನೆಗೆ ಬೇಕು ಎಂದು ಕೇಳಿ. ಮೂರು ಕಟ್ಟು, ಕಡತ, ಪುಸ್ತಕ, ಪೆಟ್ಟಿಗೆ ಎಲ್ಲ ಒಂದೇ ಕಡೆ ಹೋಗಲಿ.

ಕೊನೆಗೆ ದೊಡ್ಡಮ್ಮನವರ ಮಾತು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಜೀರ್ಣವಾದ ಗರಿಯನ್ನು ನೀರಿಗೆ ಬಿಡುವ ಪದ್ಧತಿ ಇದ್ದದ್ದು ನಿಜ. ಆದರೆ ಅದಕ್ಕೆ ಮುಂಚೆ ಹೊಸ ಗರಿಯಲ್ಲಿ ಪ್ರತಿ ಮಾಡಿಕೊಳ್ಳುತ್ತಿದ್ದರು. ಅಕ್ಷರ ಹೊಸ ಮೈಗೆ ಬಂದ ಮೇಲೆ ಹಳೇ ಮೈಯನ್ನು ಗೌರವದಿಂದ ಕಳಿಸುತ್ತಿದ್ದರು. ಪ್ರತಿ ಮಾಡುವವರು ಹೋದರು, ನೀರಿಗೆ ಬಿಡುವುದು ಮಾತ್ರ ಉಳಿಯಿತು. ಅವರ ಪಕ್ಕ ಕೂತು ಇದನ್ನು ಹೇಳಿ, ಅವರಿಗೆ ಅರ್ಥವಾಗುತ್ತದೆ. ಹಾಗೇ ಫೋನಿನ ರೆಕಾರ್ಡರ್ ಒತ್ತಿ ಕೇಳಿ. ಈ ಪೆಟ್ಟಿಗೆಯನ್ನು ಕೊನೆಯ ಸಲ ಯಾರು ತೆಗೆದದ್ದು ನೆನಪಿದೆ? ಮನೆಯಲ್ಲಿ ಯಾರು ಓದುತ್ತಿದ್ದರು, ಮಳೆಗಾಲದ ಸಂಜೆಯೋ, ಶ್ರಾವಣದಲ್ಲೋ? ರಾಗವಾಗಿ ಓದುತ್ತಿದ್ದರಾ? ಯಾವುದಾದರೂ ಒಂದು ಪದ್ಯ ಅವರ ಬಾಯಲ್ಲಿ ಇನ್ನೂ ಉಳಿದಿದ್ದರೆ ಹಾಡಿಸಿ. ಆಮೇಲೆ ಆ ಸಾಲನ್ನು ಗರಿಗಳಲ್ಲಿ ಹುಡುಕಿ. ಕಟ್ಟು ಯಾವುದು ಎಂದು ನಮ್ಮ ಯಾರಿಗಿಂತ ಮೊದಲು ಅವರೇ ಹೇಳಿಬಿಡಬಹುದು.